ತಂಬೂರಿ ಪೆಟ್ಟಿಗೆಯ ಕೆಂಪು ಟಿಕಳಿ

ನನ್ನ ಕಿವಿಯ ಬಗ್ಗೆ ನನಗೆ ಭಾರೀ ಸೊಕ್ಕಿತ್ತು. ಸುಳ್ಳು ಯಾಕೆ ಹೇಳಲಿ, ಹಾಡುವುದರಲ್ಲಿ ನಾನು ಸಾಧಾರಣದವಳು. ಕೇಳುವುದರಲ್ಲಿ ಮಾತ್ರ ನನ್ನ ಸಮ ಯಾರೂ ಇಲ್ಲ ಎಂದು ನಂಬಿ ಬದುಕಿದವಳು. ಧಾರವಾಡದಲ್ಲಿ ನಾನು ಚಿಕ್ಕವಳಿದ್ದಾಗ, ಹಾರ್ಮೋನಿಯಂ ನುಡಿಸುತ್ತಿದ್ದ ಅಪ್ಪ ಊಟಕ್ಕೆ ಕೂತಲ್ಲೇ ತಾಟಿಗೆ ಬೆರಳಿನಿಂದ ಹೊಡೆದು, "ಇದು ಯಾವ ಮನಿ ಹೇಳು?" ಎಂದು ಕೇಳುತ್ತಿದ್ದ. ಮನಿ, ಮನೆ ಎಂದರೆ ಹಾರ್ಮೋನಿಯಂನಲ್ಲಿ ಬೆರಳಿಡುವ ಬಿಳಿ, ಕಪ್ಪು ಪಟ್ಟಿಗಳು. "ಬಿಳಿ ಐದು" ಎಂದೋ "ಕಪ್ಪು ಮೂರು" ಎಂದೋ ನಾನು ಹೇಳುತ್ತಿದ್ದೆ. ಅಪ್ಪ ಎದ್ದು ಹೋಗಿ ಆ ಮನಿ ಒತ್ತಿ ನೋಡಿದರೆ ಅದೇ. ತಾಟು, ಚಂಬು, ಸೈಕಲ್ ಗಂಟೆ, ಕಡೆಗೆ ಅಜ್ಜಿಯ ಗೊರಕೆಯನ್ನೂ ನಾವು ಬಿಡಲಿಲ್ಲ. ಬೇರೆಯವರಿಗೆ ಕೆಂಪು ಬಣ್ಣ ಕೆಂಪಾಗಿ ಕಾಣುವಷ್ಟು ಸಲೀಸಾಗಿ ನನಗೆ ಬಿಳಿ ಐದು ಬಿಳಿ ಐದಾಗಿಯೇ ಕೇಳುತ್ತಿತ್ತು. ಎಲ್ಲರಿಗೂ ಹಾಗೆಯೇ ಕೇಳುತ್ತದೆ ಎಂದು ಎಷ್ಟೋ ವರ್ಷ ತಿಳಿದಿದ್ದೆ.

ಮದುವೆಯಾಗಿ ಹೈದರಾಬಾದಿಗೆ ಬಂದೆ. ನಮ್ಮವರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಅಳತೆಯ ಮೀಟರುಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದರು. ತಾರ್ನಾಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹಾಡು ಕಲಿಸುತ್ತಿದ್ದೆ. ಹಾಡುವಾಗ ಶ್ರುತಿ ಹಿಡಿದು ನುಡಿಯುವ ನನ್ನ ತಂಬೂರಿ ಪೆಟ್ಟಿಗೆ ಹಳೆಯ ನಮೂನೆಯದು; ಕರೆಂಟಿನ ಮೇಲೆ ನಡೆಯುವ ಅದಕ್ಕೆ ಅಂಕಿ ತೋರಿಸುವ ಕಿಟಕಿಯಿರಲಿಲ್ಲ. ಶ್ರುತಿ ಏರಿಸಲು, ಇಳಿಸಲು ಒಂದು ದುಂಡನೆಯ ತಿರುಗುಣಿ, ಅಷ್ಟೇ. ಒಬ್ಬೊಬ್ಬ ಶಿಷ್ಯೆಯ ಗಂಟಲು ನೋಡಿ ಅವಳ 'ಸಾ' ಎಲ್ಲಿ ನಿಲ್ಲಬೇಕೆಂದು ನಾನು ಗೊತ್ತು ಮಾಡುತ್ತಿದ್ದೆ. ತಿರುಗುಣಿಯ ಮುಳ್ಳು ಆ ಜಾಗಕ್ಕೆ ಬಂದಾಗ ಅದರ ಎದುರಿಗೆ ಒಂದು ಟಿಕಳಿ ಅಂಟಿಸುತ್ತಿದ್ದೆ, ಹಣೆಗೆ ಹಚ್ಚುವ ಟಿಕಳಿಯನ್ನೇ. ಹಸಿರು ಒಬ್ಬಳದು, ಕಪ್ಪು ಇನ್ನೊಬ್ಬಳದು. ಪೆಟ್ಟಿಗೆಗೆ ನನ್ನ ಹಣೆಗಿಂತ ಹೆಚ್ಚು ಸಿಂಗಾರವಾಗಿದೆ ಎಂದು ನಮ್ಮವರು ಕಾಡುತ್ತಿದ್ದರು. ಆ ತಿರುಗುಣಿಯನ್ನು ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಕೆಂಪು ಟಿಕಳಿಯವಳು ಬಂದದ್ದು ಊರಿನ ಪಶ್ಚಿಮಕ್ಕಿದ್ದ ಬಂಡೆಗಳನ್ನೆಲ್ಲ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳಲ್ಲಿ. ಅವಳಪ್ಪ ಕೊಪ್ಪಳದ ಕಡೆಯ ಗೌಂಡಿ. ಆ ಕಟ್ಟಡಗಳಿಗೆ ಇಟ್ಟಿಗೆ ಕಟ್ಟಲು ಬಂದು, ಮಿಯಾಪುರದಲ್ಲಿ ನಿಂತವರು. ಮಗಳು ಡಿಗ್ರಿ ಮುಗಿಸಿ ಹಿಮಾಯತ್‌ನಗರದ ಒಂದು ಆಫೀಸಿನಲ್ಲಿ ಮೊಬೈಲ್ ಕಂಪನಿಯ ಗಿರಾಕಿಗಳಿಗೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಫೋನಿನಲ್ಲಿ ಉತ್ತರ ಕೊಡುವ ಕೆಲಸ ಹಿಡಿದಿದ್ದಳು. ಮಧ್ಯಾಹ್ನ ಡ್ಯೂಟಿ, ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ನನ್ನ ಹತ್ತಿರ ಬರುತ್ತಿದ್ದಳು. ಮೊದಲ ದಿನ ಅವಳು 'ಸಾ' ಹಿಡಿದಾಗ ನಾನು ಒಲೆಯ ಮೇಲಿನ ಹಾಲು ಮರೆತೆ. ಅಂಥ ದನಿ. ಅದನ್ನು ಬಿಳಿ ಐದಕ್ಕೆ ನಿಲ್ಲಿಸಿ ಕೆಂಪು ಟಿಕಳಿ ಹಚ್ಚಿದೆ. ಎರಡು ವರ್ಷ ಆ ಜಾಗದಲ್ಲೇ ಹಾಡಿದಳು. ರೇಡಿಯೋದ ಆಡಿಷನ್ ಪಾಸಾಗಬೇಕು, ತನ್ನ ಹಾಡು ಅಪ್ಪ ಕೆಲಸ ಮಾಡುವ ಜಾಗದ ರೇಡಿಯೋದಲ್ಲಿ ಬರಬೇಕು, ಇದೊಂದೇ ಅವಳಿಗೆ ಬೇಕಿತ್ತು. ನನಗೂ ಅದೇ ಬೇಕಿತ್ತು. ಆಡಿಷನ್ನಿನ ಅರ್ಜಿಯನ್ನು ನಾನೇ ಕೈಯಾರೆ ತುಂಬಿದ್ದೆ.

ಆ ಚಳಿಗಾಲ ನನ್ನ ಎಡಗೆನ್ನೆಗೆ ನೋವು ಬಂತು. ನೋವು ಎಂದರೆ ಸಾಲದು. ಹಲ್ಲುಜ್ಜಿದರೆ, ಗಾಳಿ ತಾಗಿದರೆ, ಬಾಯಿ ತೆರೆದರೆ ಸಾಕು, ಕರೆಂಟಿನ ತಂತಿ ಹಚ್ಚಿದ ಹಾಗೆ ಹೊಡೆಯುತ್ತಿತ್ತು. ಹಲ್ಲಿನ ಡಾಕ್ಟರು ಒಂದು ಒಳ್ಳೆಯ ಹಲ್ಲು ಕಿತ್ತರು. ನೋವು ಅಲ್ಲೇ ಇತ್ತು. ಆಮೇಲೆ ನಮ್ಮ ಕಡೆಯವರೇ ಒಬ್ಬ ನರಗಳ ಡಾಕ್ಟರು ನೋಡಿ, ಇದು ಮುಖದ ನರದ್ದು ಎಂದು ಹೇಳಿ ಗುಳಿಗೆ ಬರೆದರು. ತಲೆ ತಿರುಗಬಹುದು, ನಿದ್ದೆ ಬರಬಹುದು ಎಂದರು. ಮೂರನೆಯ ದಿನಕ್ಕೆ ನೋವು ಮಾಯ. ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅದಾದ ಒಂದು ವಾರದೊಳಗೆ ಇಡೀ ಊರು ಹಾರ್ಮೋನಿಯಂನ ಒಂದು ಮನೆಯಷ್ಟು ಕೆಳಗಿಳಿಯಿತು. ಬೇರೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ನಮ್ಮ ಬಾಗಿಲಿನ ಬೆಲ್ಲು ಇಳಿದಿತ್ತು. ಹಿತ್ತಾಳೆಯ ಚಂಬು ಇಳಿದಿತ್ತು. ಫೋನ್ ಎತ್ತಿದರೆ ಬರುವ ಗುಂಯ್ ಎಂಬ ಡಯಲ್ ಟೋನ್ ಕೂಡ ತನ್ನ ಜಾಗ ಬಿಟ್ಟಿತ್ತು. ದನಿ ಸಣ್ಣದಾಗಿರಲಿಲ್ಲ, ಮಂಕಾಗಿರಲಿಲ್ಲ, ಎಲ್ಲವೂ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಆದರೆ ಒಂದೂ ತನ್ನ ಮನೆಯಲ್ಲಿರಲಿಲ್ಲ. ನಾನು ಫೋನಿನ ಆಫೀಸಿಗೆ ಕಂಪ್ಲೇಂಟ್ ಕೊಟ್ಟೆ. ಹೌದು, ಕೊಟ್ಟೆ! ಬಂದ ಲೈನ್‌ಮನ್‌ಗೆ ನನ್ನ ಹರಕು ತೆಲುಗಿನಲ್ಲಿ, ಡಯಲ್ ಟೋನ್ ಇಳಿದಿದೆ, ಮೇಲೆ ಎತ್ತಿಕೊಡಿ ಎಂದೆ. ಅವನು ರಿಸೀವರ್ ಕಿವಿಗಿಟ್ಟು, ನನ್ನ ಮುಖ ನೋಡಿ, "ಲೈನ್ ಬಾಗಾನೇ ಉಂದಮ್ಮಾ" ಎಂದು ಮೆಲ್ಲಗೆ ಹೇಳಿ ಹೋದ. ಲೈನು ಸರಿಯಾಗಿಯೇ ಇದೆಯಂತೆ. ಅವನಿಗೇನು ಗೊತ್ತು ಎಂದುಕೊಂಡೆ.

ತಂಬೂರಿ ಪೆಟ್ಟಿಗೆಯ ಮುಳ್ಳು ಕೆಂಪು ಟಿಕಳಿಯ ಎದುರಿಗೇ ಇತ್ತು. ದನಿ ಮಾತ್ರ ಬಿಳಿ ಐದು ಅಲ್ಲ, ಅದಕ್ಕಿಂತ ಒಂದು ಮನೆ ಕೆಳಗಿನ ಕಪ್ಪು ಮೂರು. ಹಳೆಯ ಪೆಟ್ಟಿಗೆ, ವೋಲ್ಟೇಜು ಏರಿಳಿದರೆ ಶ್ರುತಿ ಜಾರುವುದು ಹೊಸದಲ್ಲ. ಹಾರ್ಮೋನಿಯಂ ತೆಗೆದು ನೋಡಿದೆ. ಬಿಳಿ ಐದನ್ನು ಒತ್ತಿದರೆ ಅದೂ ಕಪ್ಪು ಮೂರಾಗಿ ಕೇಳಿತು. ನನಗೆ ಗೊಂದಲವಾಯಿತು. ಒಳಗೆ ದನಿ ಕೊಡುವ ಹಿತ್ತಾಳೆ ತಗಡುಗಳು ಹಳೆಯವು, ಅವೂ ಕೆಟ್ಟಿವೆ ಎಂದು ಸಮಾಧಾನ ಮಾಡಿಕೊಂಡೆ.

ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಅವರು ಸಾವಕಾಶವಾಗಿ ರೊಟ್ಟಿ ಮುರಿಯುತ್ತ, "ಎರಡು ಸಾಮಾನು ಕೂಡೇ ಒಂದ ಅಳತೀಲೆ ಕೆಟ್ಟಾವು ಅಂದ್ರ, ನಮ್ಮ ಫ್ಯಾಕ್ಟರಿಯೊಳಗ ನಾವು ಮೂರನೇದನ್ನ ತಪಾಸ ಮಾಡ್ತೀವಿ" ಎಂದರು.

"ಮೂರನೇದು ಯಾವುದ್ರೀ?"

ಅವರು ಕೈಯಲ್ಲಿದ್ದ ಚಮಚೆಯಿಂದ ನನ್ನ ಕಿವಿಯತ್ತ ತೋರಿಸಿದರು.

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಕಿವಿ ನಿಮ್ಮ ಮೀಟರ್ ಅಲ್ರೀ! ನಮ್ಮಪ್ಪ ತಿದ್ದಿದ ಕಿವಿ ಇದು" ಎಂದು ಒದರಿ, ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರ ಬಾಯಿ ಮುಚ್ಚಿಸಲೆಂದೇ ಕಿವಿಯ ಡಾಕ್ಟರ ಹತ್ತಿರ ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಕೇಳಿದಾಗೆಲ್ಲ ಕೈ ಎತ್ತು ಎಂದರು. ಎಲ್ಲಕ್ಕೂ ಕೈ ಎತ್ತಿದೆ. "ಈ ವಯಸ್ಸಿಗೆ ಇಷ್ಟು ಚಲೋ ಕಿವಿ ನೋಡೇ ಇಲ್ಲ" ಎಂದರು ಡಾಕ್ಟರು. ಕೇಳುತ್ತದೋ ಇಲ್ಲವೋ ಎಂದಷ್ಟೇ ಅವರು ನೋಡಿದ್ದು, ಎಲ್ಲಿ ಕೇಳುತ್ತದೆ ಎಂದು ಯಾರೂ ಕೇಳಲಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಆ ಕಾಗದವನ್ನು ನಮ್ಮವರ ತಾಟಿನ ಪಕ್ಕಕ್ಕಿಟ್ಟು, ನೇರ ಮುಂದಿನ ಕೋಣೆಗೆ ಹೋಗಿ, ಕೆಂಪು ಟಿಕಳಿ ಕಿತ್ತೆ. ತಿರುಗುಣಿಯನ್ನು ನನ್ನ ಕಿವಿಗೆ ಬಿಳಿ ಐದು ಬರುವ ತನಕ ಮೇಲಕ್ಕೆ ತಿರುಗಿಸಿ, ಅಲ್ಲಿ ಹೊಸ ಕೆಂಪು ಟಿಕಳಿ ಅಂಟಿಸಿದೆ. ಉಳಿದವರ ಟಿಕಳಿಗಳನ್ನೂ ಹಾಗೆಯೇ ಸರಿಸಿದೆ. ಉಳಿದವರು ಸಣ್ಣ ಮಕ್ಕಳು. ಯಾವ ಶ್ರುತಿ ಇಟ್ಟರೂ ಅವು ಕಿರುಚುವುದೇ.

ಕೆಂಪು ಟಿಕಳಿಯವಳಿಗೆ ಹಾಗಿರಲಿಲ್ಲ. ಆಡಿಷನ್ನಿಗೆ ಮೂರು ತಿಂಗಳಿತ್ತು. ಹೊಸ ಜಾಗಕ್ಕೆ ಹಾಡಿದ ಮೊದಲ ದಿನವೇ, "ಅಕ್ಕೋರ, ಪೆಟಿಗಿ ಏರೈತೇನ್ರಿ?" ಎಂದು ಕೇಳಿದಳು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ.

"ಏರಿಲ್ಲ. ಇಳದಿತ್ತು, ಸರಿ ಮಾಡೀನಿ."

ಎರಡು ವಾರ ಹಾಗೆಯೇ ಹಾಡಿದಳು. ಆಮೇಲೆ ಮತ್ತೆ, "ಮ್ಯಾಲಿನ ಸಾ ಮುಟ್ಟಾಕ ಆಗವಲ್ದ್ರೀ. ಗಂಟಲು ಹಿಡದಂಗ ಆಕ್ಕತಿ" ಎಂದಳು.

"ಸೋಮಾರಿ ಆಗೇದ ನಿನ್ನ ಗಂಟಲು! ದಿನಾ ಎಂಟು ತಾಸು ಫೋನಿನ್ಯಾಗ ಒದರಿದ್ರ ಇನ್ನೇನಾಗತೈತಿ?"

ಮೇಲಿನ 'ಸಾ'ಗೆ ಹೋದಾಗ ಅವಳ ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ನಾನು ಕಣ್ಣಾರೆ ನೋಡುತ್ತಿದ್ದೆ. ತೋರಿಸಿಕೊಡಲು ಹಾಡಿದಾಗ ನನ್ನ ಗಂಟಲೂ ಉರಿಯುತ್ತಿತ್ತು. ಅದಕ್ಕೆ ವಯಸ್ಸು ಎಂದು ಹೆಸರಿಟ್ಟಿದ್ದೆ. ಅವಳ ಗಂಟಲಿಗೆ ಫೋನು, ನನ್ನ ಗಂಟಲಿಗೆ ವಯಸ್ಸು, ಹಾರ್ಮೋನಿಯಂಗೆ ಹಳೆಯ ತಗಡು. ಎಲ್ಲದಕ್ಕೂ ನನ್ನ ಹತ್ತಿರ ಕಾರಣವಿತ್ತು, ಹಾಗಿದ್ದೂ ಮನಸ್ಸಿನ ಗೊಂದಲ ಒಂದು ದಿನವೂ ಹೋಗಲಿಲ್ಲ. ಸಂತೆಯಲ್ಲಿ ಕಳೆದುಹೋದವಳ ಹಾಗೆ ಮನೆಯಲ್ಲೇ ಚಂಬು, ತಾಟು ಬಡಿದು ನೋಡುತ್ತ ತಿರುಗುತ್ತಿದ್ದೆ.

ಒಂದು ದಿನ ಅವಳ ದನಿ ನಡುವೆಯೇ ಒಡೆಯಿತು. ನಾನು ಪೆಟ್ಟಿಗೆ ಬಂದ್ ಮಾಡಿದೆ. "ನೌಕರಿ ಇಲ್ಲಾ ಹಾಡು. ಎರಡರಾಗ ಒಂದು ಆರಿಸ್ಕೋ" ಎಂದೆ. ಅವಳ ಪಗಾರದ ಮೇಲೆ ತಮ್ಮ, ತಂಗಿಯರ ಶಾಲೆ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಮರುವಾರ ಬಂದು, "ಬಿಟ್ಟೆ ಅಕ್ಕೋರ" ಎಂದಳು. ನನಗೆ ಹೆಮ್ಮೆಯಾಯಿತು. ಶಿಷ್ಯೆ ಎಂದರೆ ಹೀಗಿರಬೇಕು ಎಂದು ನಮ್ಮವರ ಮುಂದೆ ಹೇಳಿಕೊಂಡೆ ಕೂಡ.

ಆಡಿಷನ್ನಿನ ದಿನ ನನ್ನ ಪೆಟ್ಟಿಗೆಯನ್ನೇ ಒಯ್ಯಲು ಹೇಳಿದೆ. "ಅಲ್ಲಿಯವರು ಕೊಟ್ಟ ಶ್ರುತಿ ನಂಬಬ್ಯಾಡ. ಟಿಕಳಿ ಬಿಟ್ಟು ಕದಲಬ್ಯಾಡ." ನಾನು ರೇಡಿಯೋ ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗಿನದು ಹೊರಗೆ ಕೇಳುವಂತಿರಲಿಲ್ಲ. ಅರ್ಧ ತಾಸಿನ ಮೇಲೆ ಅವಳು ತಲೆ ತಗ್ಗಿಸಿಕೊಂಡು ಬಂದಳು. ಹಿಂದೆಯೇ ಅಲ್ಲಿ ಹಾರ್ಮೋನಿಯಂ ನುಡಿಸಿದ ಮುದುಕರು ಬಂದರು. ಟೋಪಿ ಸರಿಮಾಡಿಕೊಳ್ಳುತ್ತ, "ಯೇ ಸಫೇದ್ ಪಾಂಚ್ ನಹೀಂ ಅಮ್ಮಾ, ಕಾಲೀ ಚಾರ್ ಹೈ" ಎಂದರು. ಇದು ಬಿಳಿ ಐದಲ್ಲ, ಅದಕ್ಕಿಂತ ಒಂದು ಮನೆ ಮೇಲಿನ ಕಪ್ಪು ನಾಲ್ಕು ಎಂದು. ಇಳಿಸಿಕೋ ಎಂದು ಅವರು ಹುಡುಗಿಗೆ ಹೇಳಿದರಂತೆ. ಇಲ್ಲ, ನಮ್ಮ ಗುರುಗಳು ಟಿಕಳಿ ಇಲ್ಲೇ ಇಟ್ಟಿದ್ದಾರೆ ಎಂದು ಅವಳು ಇಳಿಸಲಿಲ್ಲವಂತೆ. ಮೇಲಿನ 'ಸಾ'ಗೆ ದನಿ ಸೀಳಿಹೋಯಿತಂತೆ. ನಾನು ಆ ಮುದುಕರಿಗೆ, ನಿಮ್ಮ ಬಾಜಾ ಮೊದಲು ರಿಪೇರಿ ಮಾಡಿಸಿರಿ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಹುಡುಗಿಯ ತಲೆ ಮೇಲೆ ಕೈಯಿಟ್ಟು ಒಳಗೆ ಹೋದರು.

ಪಾಸಾಗಿಲ್ಲ ಎಂಬ ಕಾಗದ ಬಂತು. ಅವಳು ನನ್ನ ಹತ್ತಿರ ಬರುವುದು ನಿಂತಿತು.

ಬೇಸಿಗೆಯ ಕೊನೆಗೆ, ನೋವಿಲ್ಲವಲ್ಲ, ಇನ್ನು ನೋಡೋಣ ಎಂದು ಡಾಕ್ಟರು ಗುಳಿಗೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ನಿಲ್ಲಿಸಿದರು. ಅದಾದ ಮೇಲೆ ಒಂದು ಬೆಳಿಗ್ಗೆ ಫೋನ್ ಎತ್ತಿದೆ. ಡಯಲ್ ಟೋನ್ ತನ್ನ ಜಾಗಕ್ಕೆ ಬಂದಿತ್ತು. ಅಂತೂ ನನ್ನ ಕಂಪ್ಲೇಂಟಿಗೆ ಬೆಲೆ ಬಂತಲ್ಲ ಎಂದು ಖುಷಿಯಾಯಿತು. ಬಾಗಿಲ ಬೆಲ್ಲು ಹೊಡೆಯಿತು. ಅದೂ ತನ್ನ ಹಳೆಯ ಮನೆಯಲ್ಲಿತ್ತು. ಬೆಲ್ಲನ್ನು ಫೋನಿನವರು ರಿಪೇರಿ ಮಾಡಿರಲಾರರು. ಒಳಗೆ ಹೋಗಿ ಚಂಬು ಬಡಿದೆ. ಸರಿ ಇತ್ತು. ಹಾರ್ಮೋನಿಯಂನ ಬಿಳಿ ಐದು ಒತ್ತಿದೆ. ಅಪ್ಪನ ಕಾಲದ ಬಿಳಿ ಐದು. ಆಮೇಲೆ ತಂಬೂರಿ ಪೆಟ್ಟಿಗೆ ಹಚ್ಚಿದೆ. ಮುಳ್ಳು ಕೆಂಪು ಟಿಕಳಿಯ ಎದುರಿಗೆ ಇತ್ತು, ಪೆಟ್ಟಿಗೆ ಕಪ್ಪು ನಾಲ್ಕರಲ್ಲಿ ಕೂಗುತ್ತಿತ್ತು.

ಅಲ್ಲೇ ಕೆಳಗೆ ಕೂತೆ. ಕೆಂಪು ಟಿಕಳಿಗಿಂತ ತುಸು ಹಿಂದೆ, ನಾನೇ ಕಿತ್ತ ಹಳೆಯ ಟಿಕಳಿಯ ಅಂಟಿನ ಗುರುತು ಧೂಳು ಹಿಡಿದು ಕಪ್ಪಗೆ ಕಾಣುತ್ತಿತ್ತು. ಅಯ್ಯೋ ದೇವರೇ, ಆ ಕೂಸಿಗೆ ನಾನೇನು ಮಾಡಿದೆ ಎಂದು ಅಳು ಬಂತು. ಸಂಜೆ ನಮ್ಮವರು ಬಂದು ಎಲ್ಲ ಕೇಳಿಸಿಕೊಂಡರು. 'ನಾನು ಹೇಳಿರಲಿಲ್ಲವೇ' ಎಂದು ಒಂದು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಚಹ ಮಾಡಿ ತಂದು ಕೊಟ್ಟರು.

ನರದ ಡಾಕ್ಟರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ, ಈ ಗುಳಿಗೆಯಿಂದ ಅಪರೂಪಕ್ಕೆ ಹೀಗಾಗುವುದನ್ನು ಓದಿದ್ದೇನೆ ಎಂದರು. ಚೀಟಿಯ ಹಿಂದೆ ಬಸವನಹುಳದ ಚಿಪ್ಪಿನಂಥದೊಂದು ಸುರುಳಿ ಬರೆದು, ಕಿವಿಯ ಒಳಗೆ ಇದಿದೆ, ಒಂದು ತುದಿಗೆ ಕೀರು ದನಿ, ಇನ್ನೊಂದು ತುದಿಗೆ ದಪ್ಪ ದನಿ, ನಡುವೆ ಉಳಿದವು ಸಾಲಾಗಿ, ಎಂದು ವಿವರಿಸಿದರು. ಹಾರ್ಮೋನಿಯಂನ ಮನೆಗಳನ್ನೇ ಚಕ್ಕುಲಿಯ ಹಾಗೆ ಸುತ್ತಿಟ್ಟಂತೆ ಎಂದು ನಾನು ತಿಳಿದುಕೊಂಡೆ. ಅಲ್ಲಿಂದ ನರ ಮಿದುಳಿಗೆ ಸುದ್ದಿ ಒಯ್ಯುತ್ತದೆ. ಗುಳಿಗೆ ನರಗಳ ಗಲಾಟೆ ಇಳಿಸುವಾಗ ಈ ಸುದ್ದಿ ಎಲ್ಲೋ ಸರಿಯುತ್ತದೆ. ಸುರುಳಿಯಲ್ಲೋ, ನರದಲ್ಲೋ, ಮಿದುಳಿನಲ್ಲೋ, ತನಗೂ ಖಚಿತವಿಲ್ಲ ಎಂದರು. ಎಲ್ಲ ಸ್ವರವೂ ಒಂದೇ ಅಳತೆಗೆ ಇಳಿಯುವುದರಿಂದ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲವಂತೆ. "ಗೊತ್ತಾಗಾಕ ನಿಮ್ಮಂಥ ಕಿವಿ ಬೇಕ್ರೀ" ಎಂದು ಹೊಗಳಿದರು. ಆ ಹೊಗಳಿಕೆ ನನಗೆ ಚುಚ್ಚಿತು. ನನ್ನಂಥ ಕಿವಿ ಇಲ್ಲದಿದ್ದರೆ ಟಿಕಳಿ ತನ್ನ ಜಾಗದಲ್ಲೇ ಇರುತ್ತಿತ್ತಲ್ಲ.

ಮಿಯಾಪುರಕ್ಕೆ ಹೋದೆ. ಅರ್ಧ ಎದ್ದ ಅಪಾರ್ಟ್‌ಮೆಂಟಿನ ಹಿಂದೆ, ತಗಡಿನ ಮಾಡಿನ ಎರಡು ಕೋಣೆ. ಅವಳು ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಬಿಟ್ಟ ನೌಕರಿ ಮತ್ತೆ ಸಿಕ್ಕಿರಲಿಲ್ಲ. ದನಿಯಲ್ಲಿ ಇನ್ನೂ ಸ್ವಲ್ಪ ಗೊಗ್ಗರು ಇತ್ತು. ಮಕ್ಕಳನ್ನು ಹೊರಗೆ ಕಳಿಸಿ ನನಗೆ ಚಾಪೆ ಹಾಸಿದಳು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಗುಳಿಗೆ, ಟಿಕಳಿ, ಆ ಮುದುಕರ ಮಾತು. ನಿನ್ನ ಗಂಟಲು ಸರಿ ಇತ್ತು, ನನ್ನ ಕಿವಿ ತಪ್ಪಿತ್ತು ಎಂದೆ.

ಅವಳು ನೆಲ ನೋಡುತ್ತ, "ನನಗ ಗೊತ್ತಿತ್ರೀ ಅಕ್ಕೋರ. ಮೊದಲನೇ ದಿನಾನ ಗೊತ್ತಾಗಿತ್ತು" ಎಂದಳು.

"ಮತ್ಯಾಕ ಹೇಳಲಿಲ್ಲ ತಂಗಿ?"

"ಹೇಳಿದ್ನಲ್ರೀ, ಎರಡು ಸರ್ತಿ. ಗಂಟಲು ಸೋಮಾರಿ ಆಗೇದ ಅಂದ್ರಿ. ನೀವು ಅಂದ ಮ್ಯಾಲ ಖರೇನ ಇರಬೇಕು ಅಂತ, ನಾನೂ ನನ್ನ ಗಂಟಲಿನ ಮಾತು ಕೇಳೋದು ಬಿಟ್ಟೆ."

ತಪ್ಪಾಯಿತು ಎಂದೆ. ಅವಳು ಗಾಬರಿಯಾಗಿ, ಹಿರಿಯರು ಹಾಗೆ ಅನ್ನಬಾರದು ಎಂದು ನನ್ನ ಕೈ ಹಿಡಿದುಕೊಂಡಳು. ಗಂಟಲು ಪೂರ್ತಿ ವಾಸಿಯಾದ ಮೇಲೆ ಬಾ ಎಂದು ಹೇಳಿ ಬಂದೆ. ಬರುತ್ತಾಳೆಂಬ ಭರವಸೆ ನನಗಿರಲಿಲ್ಲ.

ಬಂದಳು, ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ನನ್ನ ಕೆನ್ನೆಯ ನೋವು ತಿರುಗಿ ಬಂದಿತ್ತು, ಹಿಂದಿನದಕ್ಕಿಂತ ಜೋರಾಗಿ. ಬೇರೆ ಗುಳಿಗೆ ಕೊಟ್ಟು ನೋಡಿದರು, ಹಿಡಿಯಲಿಲ್ಲ. ಮತ್ತೆ ಅದೇ ಗುಳಿಗೆ. ಮತ್ತೆ ಬೆಲ್ಲು, ಚಂಬು, ಡಯಲ್ ಟೋನ್ ಎಲ್ಲ ಒಂದು ಮನೆ ಕೆಳಗೆ. ಕಾರಣ ಗೊತ್ತಿದ್ದೂ ಕಿವಿ ಒಪ್ಪುತ್ತಿರಲಿಲ್ಲ. ತಪ್ಪು ಎಂದು ತಿಳಿದೇ ತಪ್ಪಾಗಿ ಕೇಳುವುದು ಎಂಥ ಹಿಂಸೆ ಎಂದು ಯಾರಿಗೆ ಹೇಳಲಿ?

ಪೆಟ್ಟಿಗೆಯ ಮೇಲಿನ ಟಿಕಳಿಗಳನ್ನೆಲ್ಲ ನಾನು ಆಗಲೇ ಕಿತ್ತು, ಅಂಟಿನ ಗುರುತನ್ನೂ ತಿಕ್ಕಿ ತೆಗೆದಿದ್ದೆ. ಪೆಟ್ಟಿಗೆಯನ್ನು ಅವಳ ಮುಂದೆ ಸರಿಸಿ, "ನೀನ ತಿರಗಸು" ಎಂದೆ. ಅವಳು ಬೆದರಿ ನನ್ನ ಮುಖ ನೋಡಿದಳು. ಆ ತಿರುಗುಣಿಯನ್ನು ಅವಳು ಒಂದು ಸಲವೂ ಮುಟ್ಟಿರಲಿಲ್ಲ. ಹೆದರುತ್ತಲೇ ತಿರುಗಿಸಿದಳು, ಮೆಲ್ಲಗೆ ತನ್ನಷ್ಟಕ್ಕೆ 'ಸಾ' ಎಂದು ನೋಡಿದಳು, ತುಸು ಇಳಿಸಿದಳು, ಮತ್ತೆ ತುಸು ಇಳಿಸಿ ನಿಲ್ಲಿಸಿದಳು.

ನನ್ನ ಕಿವಿಗೆ ಅದು ಕಪ್ಪು ಮೂರು. ಇಳಿದಿದೆ, ಎತ್ತು ಎಂದು ನಾಲಿಗೆಯ ತುದಿಗೆ ಬಂತು. ನಾಲಿಗೆ ಕಚ್ಚಿಕೊಂಡೆ.

ಅವಳು ಹಾಡಿದಳು. ಮೇಲಿನ 'ಸಾ'ಗೆ ಹೋದಾಗ ನಾನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ನರ ಏಳಲಿಲ್ಲ. ಆದರೂ ನಿಲ್ಲಿಸಿದ ಮೇಲೆ ಹಳೆಯ ರೂಢಿಯಂತೆ ನನ್ನತ್ತ ತಿರುಗಿ, "ಸರಿ ಐತೇನ್ರೀ ಅಕ್ಕೋರ?" ಎಂದು ಕೇಳಿದಳು.

"ನನಗ ತಿಳೀವಲ್ದು" ಎಂದೆ. ಪಾಠ ಹೇಳಲು ಶುರು ಮಾಡಿದಾಗಿನಿಂದ ಈ ಮಾತು ನಾನು ಯಾರಿಗೂ ಹೇಳಿರಲಿಲ್ಲ. "ನಿನಗ ಹೆಂಗ ಅನಸ್ತೈತಿ, ಹೇಳು."

ಅವಳು ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ನೋವಿಲ್ರೀ ಅಕ್ಕೋರ."